ತಿರುಗಿಸಿದೆ, ತಿರುಗಲಿಲ್ಲ

ನನಗೆ ಕಾರು ಓಡಿಸಲು ಕಲಿಸಿದವರು ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಹೆಸರು ಇಲ್ಲಿ ಬೇಡ. ಕೇಳಿದ್ದರೆ ಅವರೇ ಬೇಡ ಎನ್ನುತ್ತಿದ್ದರು. ಊಟಿಯಲ್ಲಿ ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಒಂದು ತಲೆಮಾರಿಗೆ ಅವರು ಭೌತಶಾಸ್ತ್ರದ ಟೀಚರ್, ಇನ್ನೊಂದಕ್ಕೆ ಡ್ರೈವಿಂಗ್ ಟೀಚರ್. ಎರಡನ್ನೂ ಅವರಿಂದಲೇ ಕಲಿತ ಹೆಂಗಸರೂ ಇದ್ದಾರೆ. ಅವರನ್ನು ಕೇಳಿದರೆ ಪಾಠ ಒಂದೇ, ಎರಡನೆಯ ಸಲ ಸೀಟು ಮೆತ್ತಗಿತ್ತು ಎನ್ನುತ್ತಾರೆ.

ಗಿಡ್ಡ ಆಳು. ಬಿಳಿ ಸೀರೆಯ ಮೇಲೆ ಕಂದು ಬಣ್ಣದ ಸ್ವೆಟರು, ಬೇಸಿಗೆಯಲ್ಲೂ ಅದೇ. ಸ್ವೆಟರಿನ ಜೇಬಿನಲ್ಲಿ ಸೀಮೆಸುಣ್ಣದ ತುಂಡುಗಳು. ನಿವೃತ್ತಿಯಾದ ಮೇಲೂ ಸೀಮೆಸುಣ್ಣ ಬಿಟ್ಟಿರಲಿಲ್ಲ. ನಿಂತ ಜಾಗದಲ್ಲೇ ನೆಲದ ಮೇಲೆ ನಾಲ್ಕು ಚಕ್ರ ಬರೆದು ಪಾಠ ಶುರುಮಾಡುತ್ತಿದ್ದರು. ಅವರು ನೀಲಗಿರಿಯ ಬಡಗರು. ಮನೆಮಾತು ಬಡಗ, ಶಾಲೆಯಲ್ಲಿ ತಮಿಳು, ಬೈಯುವಾಗ ಇಂಗ್ಲಿಷು. ಕನ್ನಡದವಳಾದ ನನ್ನೊಡನೆ ಅವರು ಬಡಗದಲ್ಲೇ ಮಾತಾಡುತ್ತಿದ್ದರು. ನನಗೆ ಮುಕ್ಕಾಲು ಪಾಲು ತಿಳಿಯುತ್ತಿತ್ತು, ಉಳಿದದ್ದನ್ನು ಕೈಸನ್ನೆಯಿಂದ ತಿಳಿಸುತ್ತಿದ್ದರು. ಅವರ ಮಾತನ್ನು ಇಲ್ಲಿ ನಮ್ಮ ಮಾತಿಗೆ ಹತ್ತಿರ ತಂದು ಬರೆಯುತ್ತಿದ್ದೇನೆ.

ನಾನು ಮಸಿನಗುಡಿಯವಳು. ನಮ್ಮ ಹಿರಿಯರು ಗುಂಡ್ಲುಪೇಟೆ ಕಡೆಯಿಂದ ಮೇಲೆ ಬಂದವರು. ಊಟಿಯ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ನನ್ನ ಕೆಲಸ. ನಮ್ಮ ಮನೆಯವರು ಸ್ವಂತ ಜೀಪು ಇಟ್ಟುಕೊಂಡು ರೆಸಾರ್ಟಿಗೆ ಬರುವವರನ್ನು ಕಾಡಂಚಿನಲ್ಲಿ ಸುತ್ತಾಡಿಸುತ್ತಿದ್ದರು. ಒಂದು ದಿನ ಅವರು ಊಟಕ್ಕೆ ಕೂತಿದ್ದಾಗ ಫಿಟ್ಸ್ ಬಂತು. ಅದುವರೆಗೆ ಎಂದೂ ಬಂದಿರಲಿಲ್ಲ. ಡಾಕ್ಟರು ಮಾತ್ರೆ ಬರೆದು, ಇನ್ನು ಸ್ಟೀರಿಂಗ್ ಮುಟ್ಟಕೂಡದು ಎಂದರು. ಜೀಪು ಅಂಗಳದಲ್ಲಿ ನಿಂತಿತು, ಅವರು ಜಗುಲಿಯಲ್ಲಿ ಕೂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಒಂದು ಮಳೆಗಾಲ ಕಳೆದರು. ಆಮೇಲೆ ನಾನೇ ಕಲಿಯುತ್ತೇನೆ ಎಂದೆ. ಅವರು "ಕಲ್ತ್ಕೊ ಬುಡು. ಆದ್ರೆ ನಾನು ಕಲ್ಸಕಿಲ್ಲ ಕಣಮ್ಮಿ, ಜಗಳ ಆಯ್ತದೆ" ಎಂದರು.

ಹೀಗೆ ನಾನು ಟೀಚರ ಬಳಿ ಹೋದೆ.

ಮೊದಲ ದಿನ ಅವರು ಕಾರಿನ ಬಾಗಿಲನ್ನೇ ತೆರೆಯಲಿಲ್ಲ. ಬ್ರೇಕ್ ಏನು ಮಾಡುತ್ತದೆ ಎಂದು ಕೇಳಿದರು. ಗಾಡಿ ನಿಲ್ಲಿಸುತ್ತದೆ ಎಂದೆ.

"ಇಲ್ಲೆ" ಎಂದು ಅಡ್ಡಡ್ಡ ತಲೆಯಾಡಿಸಿದರು. "ಚಕ್ರ ನಿಲ್ಲಿಸ್ತದೆ. ಗಾಡಿ ನಿಲ್ಲಿಸೋದು ರಸ್ತೆ" ಎಂದರು. "ರಸ್ತೆಗೆ ಹಿಡಿಯೋಕೆ ಆಗದಿದ್ದರೆ ನೀನು ಎಷ್ಟು ತುಳಿದರೂ ಅಷ್ಟೆ."

ಆ ದಿನದ ಪಾಠ ಮುಗಿಯಿತು. ನಾನು ಬಸ್ಸು ಹಿಡಿದು ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಇಷ್ಟು ಹೇಳೋಕೆ ಫೀಸು ತಗೊಂಡ್ರಾ ಎಂದರು.

ಅವರ ಹಟ್ಟಿ, ಅಂದರೆ ಅವರ ಊರು, ಊಟಿಯಿಂದ ಕೋಟಗಿರಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿತ್ತು. ಅದರ ಕೆಳಗೆ ಮುಚ್ಚಿಹೋದ ಒಂದು ಚಹಾ ಫ್ಯಾಕ್ಟರಿ. ಅದರ ಹಿಂದಿನ ಸಿಮೆಂಟಿನ ಅಂಗಳವೇ ಟೀಚರು ಕಲಿಸುವ ಮೈದಾನ. ಅಂಗಳದ ತುಂಬ ಹಾವಸೆ ಕಟ್ಟಿತ್ತು, ಮಳೆ ಬಂದರೆ ನಡೆಯುವುದೂ ಕಷ್ಟ. ಬೇರೆ ಡ್ರೈವಿಂಗ್ ಶಾಲೆಯವರು ಒಣಗಿದ ಜಾಗ ಹುಡುಕುತ್ತಿದ್ದರೆ ಇವರು ಮಳೆ ಕಾಯುತ್ತಿದ್ದರು. ಬೆಳಿಗ್ಗೆ ಫೋನು ಮಾಡಿ "ಇಲ್ಲಿ ಮಳೆ, ಬಾ" ಎನ್ನುತ್ತಿದ್ದರು. ಬಿಸಿಲಿದ್ದರೆ ಪಾಠವಿಲ್ಲ.

ತಟ್ಟನೆ ನಿಲ್ಲಿಸುವುದನ್ನು ಕಲಿಸಲು ಅವರು ಬಳಸುತ್ತಿದ್ದದ್ದು ಎಲೆಕೋಸು. ನಾನು ಅಂಗಳದ ಆ ತುದಿಯಿಂದ ಕಾರು ಓಡಿಸಿಕೊಂಡು ಬರಬೇಕು. ಅವರು ಕೊಡೆ ಹಿಡಿದು ಪಕ್ಕದಲ್ಲಿ ನಿಂತಿರುತ್ತಾರೆ. ತಮಗೆ ತೋಚಿದಾಗ ಒಂದು ಕೋಸನ್ನು ಕಾರಿನ ಮುಂದೆ ಉರುಳಿಸುತ್ತಾರೆ. ಅದಕ್ಕೆ ತಾಗದಂತೆ ನಿಲ್ಲಿಸಬೇಕು, ಇಲ್ಲವೇ ಬಳಸಿಕೊಂಡು ಹೋಗಬೇಕು. ತಾಗಿದರೆ ಆ ಕೋಸನ್ನು ಮನೆಗೆ ಒಯ್ದು ಅಡಿಗೆ ಮಾಡಿಕೊಳ್ಳಬೇಕು. ಅವರ ಶಾಲೆಯಲ್ಲಿ ಅದು ಕಡ್ಡಾಯ. ಆ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಕೋಸಿನ ಪಲ್ಯ, ಕೋಸಿನ ಸಾರು, ಕೋಸಿನ ವಡೆ. ನಮ್ಮವರು ತಟ್ಟೆ ನೋಡಿಯೇ ನನ್ನ ಪ್ರಗತಿ ತಿಳಿದುಕೊಳ್ಳುತ್ತಿದ್ದರು.

ಎಬಿಎಸ್ ಎಂಬ ಬ್ರೇಕಿನ ಏರ್ಪಾಡನ್ನು ನಾನು ಮೊದಲು ಕಾಲಿನಿಂದ ತಿಳಿದೆ. ಕೋಸು ಉರುಳಿತು, ನಾನು ಪೂರ್ತಿ ಬ್ರೇಕ್ ತುಳಿದೆ. ಪೆಡಲಿನ ಕೆಳಗೆ ಯಾರೋ ಕೂತು ನನ್ನ ಅಂಗಾಲಿಗೆ ಗುದ್ದಿದ ಹಾಗಾಯಿತು. ಗರಗರ ಸದ್ದು ಬೇರೆ. ಏನೋ ಮುರಿಯಿತೆಂದು ಕಾಲು ಎತ್ತಿಬಿಟ್ಟೆ. ಕೋಸು ಎರಡು ಹೋಳಾಯಿತು.

ಟೀಚರು ಹತ್ತಿರ ಬಂದು, ಕೋಸಿನ ಹೋಳುಗಳನ್ನು ಎತ್ತಿ ಹಿಂದಿನ ಸೀಟಿನಲ್ಲಿಟ್ಟು, ಕಾಲು ಯಾಕೆ ಎತ್ತಿದೆ ಎಂದು ಕೇಳಿದರು. ಪೆಡಲು ಒದೆಯಿತು ಎಂದೆ.

"ಒದೆಯಲಿ. ಅದು ಅದರ ಕೆಲಸ ಮಾಡ್ತಿತ್ತು. ನೀನು ನಿನ್ನ ಕೆಲಸ ಬಿಟ್ಟೆ."

ಆಮೇಲೆ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ವಿವರಿಸಿದರು. ಪ್ರತಿ ಚಕ್ರದ ಹತ್ತಿರವೂ ಅದು ಎಷ್ಟು ವೇಗವಾಗಿ ಸುತ್ತುತ್ತಿದೆ ಎಂದು ನೋಡುವ ಒಂದು ಸೆನ್ಸಾರ್ ಇದೆ. ನಾವು ಹೆದರಿ ಬ್ರೇಕನ್ನು ಪೂರ್ತಿ ತುಳಿದಾಗ ಯಾವುದಾದರೂ ಚಕ್ರ ಸುತ್ತುವುದನ್ನು ಬಿಟ್ಟು ಕಚ್ಚಿಕೊಳ್ಳುವುದಕ್ಕೆ ಹೊರಡುತ್ತದೆ. ಅದು ಗೊತ್ತಾದ ಕೂಡಲೇ ಯಂತ್ರ ಆ ಚಕ್ರದ ಬ್ರೇಕನ್ನು ಒಂದು ಚೂರು ಸಡಿಲಿಸುತ್ತದೆ, ಮತ್ತೆ ಹಿಡಿಯುತ್ತದೆ, ಮತ್ತೆ ಸಡಿಲಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಷ್ಟೋ ಸಲ. ಪೆಡಲು ಒದೆಯುವುದು ಅದರಿಂದ. ಚಕ್ರ ಸುತ್ತುತ್ತಲೇ ನಿಧಾನವಾದರೆ ಸ್ಟೀರಿಂಗ್ ಹೇಳಿದ ಕಡೆಗೆ ಹೋಗುತ್ತದೆ. ಕಚ್ಚಿಕೊಂಡ ಚಕ್ರ ಸ್ಟೀರಿಂಗಿನ ಮಾತು ಕೇಳುವುದಿಲ್ಲ. ಗಾಡಿ ಯಾವ ಕಡೆಗೆ ಹೊರಟಿತ್ತೋ ಆ ಕಡೆಗೇ ಜಾರಿಕೊಂಡು ಹೋಗುತ್ತದೆ.

"ಹಾಗಾದ್ರೆ ಇದಿದ್ರೆ ಬೇಗ ನಿಲ್ಲುತ್ತೆ" ಎಂದೆ.

ಯಾವಾಗಲೂ ಅಲ್ಲ ಎಂದರು. ಜಲ್ಲಿ ಹರಡಿದ ದಾರಿಯಲ್ಲಿ ಇನ್ನಷ್ಟು ದೂರ ಹೋಗಿ ನಿಂತರೂ ನಿಂತೀತು. ಇದು ಇರುವುದು ನಿಲ್ಲಿಸುವುದಕ್ಕಿಂತ ಹೆಚ್ಚಾಗಿ ತಿರುಗಿಸುವುದಕ್ಕೆ.

ತಿರುವಿನ ಪಾಠ ಬೇರೆ ಇತ್ತು. ಟಯರು ರಸ್ತೆಯನ್ನು ಹಿಡಿಯುವ ಶಕ್ತಿ ಒಂದು ಕೊಡ ನೀರು ಇದ್ದ ಹಾಗೆ ಎನ್ನುತ್ತಿದ್ದರು. ಅಡಿಗೆಗೂ ಅದೇ, ಸ್ನಾನಕ್ಕೂ ಅದೇ. ತಿರುವಿನಲ್ಲಿ ಇರುವಾಗ ಅರ್ಧ ಕೊಡ ತಿರುಗುವುದಕ್ಕೇ ಖರ್ಚಾಗಿರುತ್ತದೆ. ಅಲ್ಲಿ ಜೋರಾಗಿ ಬ್ರೇಕ್ ತುಳಿದರೆ ಉಳಿದದ್ದು ಸಾಲುವುದಿಲ್ಲ. ಎಬಿಎಸ್ ಹೆಚ್ಚು ನೀರು ತಂದುಕೊಡುವುದಿಲ್ಲ, ಇದ್ದುದನ್ನು ಒಂದೇ ಕಡೆ ಸುರಿಯದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೆ. ವೇಗ ಮಿತಿ ಮೀರಿ ತಿರುವಿಗೆ ಬಂದರೆ ಕೊಡ ಬರಿದು. ಆದ್ದರಿಂದ ತಿರುವಿನ ಮೊದಲೇ, ನೆಟ್ಟಗಿರುವಾಗಲೇ ನಿಧಾನ ಮಾಡು. ಇದನ್ನು ಅವರು ನನಗೆ ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ಘಾಟಿಯಲ್ಲಿ ಹೇಳಿದರು. ಒಂದೊಂದು ತಿರುವು ಬಂದಾಗಲೂ ಕೇಳುತ್ತಿದ್ದದ್ದು ಒಂದೇ ಮಾತು: "ನೀರು ಉಂಟಾ?"

ಅದೇ ಘಾಟಿಯಲ್ಲಿ ಒಮ್ಮೆ ಪ್ರವಾಸಿಗಳ ಕಾರೊಂದು ಪಕ್ಕಕ್ಕೆ ನಿಂತಿತ್ತು. ಚಕ್ರದಿಂದ ಹೊಗೆ. ಮೇಲಿನಿಂದ ಬ್ರೇಕ್ ತುಳಿದುಕೊಂಡೇ ಇಳಿದಿದ್ದಾರೆ. ಟೀಚರು ನನಗೆ ನಿಲ್ಲಿಸಲು ಹೇಳಿ ಕಿಟಕಿ ಇಳಿಸಿದರು. ಆ ಕಾರಿನಾತ ಇಲ್ಲಿ ವ್ಯೂ ಪಾಯಿಂಟ್ ಎಲ್ಲಿದೆ ಎಂದು ಕೇಳಿದ. ಟೀಚರು ಹೊಗೆಯ ಕಡೆ ಬೆರಳು ತೋರಿಸಿ, ಸದ್ಯಕ್ಕೆ ಅದನ್ನೇ ನೋಡುತ್ತಿರಿ, ಚಕ್ರ ಆರಿದ ಮೇಲೆ ಎರಡನೆಯ ಗೇರಿನಲ್ಲಿ ಇಳಿಯಿರಿ ಎಂದು ತಮಿಳಿನಲ್ಲಿ ಹೇಳಿ ಕಿಟಕಿ ಏರಿಸಿದರು.

ಹೊಗಳುವುದು ಅವರಿಗೆ ಬರುತ್ತಿರಲಿಲ್ಲ. ನಾವು ಸರಿಯಾಗಿ ಮಾಡಿದರೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಹೆದರಬೇಡ ಎಂದೂ ಹೇಳುತ್ತಿರಲಿಲ್ಲ. ಹೆದರಿಕೊಂಡೇ ಸರಿಯಾಗಿ ಮಾಡು ಎನ್ನುತ್ತಿದ್ದರು. ಸುಲಭಕ್ಕೆ ಒಗ್ಗುವ ಮನುಷ್ಯರಲ್ಲ. "ನನಗೆ ಸ್ವಲ್ಪ ಬರುತ್ತೆ ಟೀಚರ್" ಎಂದು ಬಂದವರನ್ನು, ಅದನ್ನು ಮರೆತು ಬಾ ಎಂದು ವಾಪಸು ಕಳಿಸಿದ್ದಾರೆ. ಸೆಂಟ್ ಹಾಕಿಕೊಂಡು ಬಂದ ಒಬ್ಬಳಿಗೆ ತಾವು ಹಿಂದಿನ ಸೀಟಿನಲ್ಲಿ ಕೂತೇ ಕಲಿಸಿದರು.

ಅವರ ಮನೆಗೆ ನಾನು ಹೋದದ್ದು ಪಾಠ ಶುರುವಾಗಿ ಎಷ್ಟೋ ದಿನಗಳಾದ ಮೇಲೆ. ಹಟ್ಟಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡ ಸಾಲು. ಎರಡು ಮನೆಗಳ ನಡುವೆ ಒಂದೇ ಗೋಡೆ. ಒಂದು ಮನೆ ಟೀಚರದು. ಗೋಡೆಯಾಚೆಯದು ಅವರ ಓರಗಿತ್ತಿಯದು, ಅಂದರೆ ಗಂಡನ ಅಣ್ಣನ ಹೆಂಡತಿ. ಆಕೆ ವಿಧವೆ. ಟೀಚರ ಗಂಡ ಅಂಗಳದಲ್ಲಿ ಕಾಲು ಚಾಚಿ ಕೂತು ಬಟಾಣಿ ಬಿಡಿಸುತ್ತಿದ್ದರು. ಒಂದು ಕಾಲು ಮಡಚಲು ಬರುತ್ತಿರಲಿಲ್ಲ. ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಆ ಓರಗಿತ್ತಿ ಹೊರಬಂದು, ಆತನ ಮುಂದೆಯೇ ನಿಂತು, ಒಳಗಿದ್ದ ಟೀಚರಿಗೆ ಕೇಳುವಂತೆ ಹೇಳಿದರು: "ಅವನ ಒಣಹಾಕಿದ ಪಂಚೆ ಗಾಳಿಗೆ ಬಿದ್ದುಹೋಗಿದೆ ಅಂತ ಹೇಳು."

ಟೀಚರು ಒಳಗಿನಿಂದಲೇ ಗಂಡನಿಗೆ ನಿನ್ನ ಪಂಚೆ ಬಿದ್ದಿದೆ ಎಂದರು. ಆತ ಎದ್ದು ಹೋಗಿ ಪಂಚೆ ಎತ್ತಿಕೊಂಡರು. ಯಾರಿಗೂ ಇದರಲ್ಲಿ ವಿಶೇಷ ಕಂಡಂತಿರಲಿಲ್ಲ. ಅದು ಆ ಅಂಗಳದಲ್ಲಿ ಬಹಳ ವರ್ಷಗಳಿಂದ ನಡೆದುಬಂದ ರೀತಿ.

ವಾಪಸು ಬರುವಾಗ ಕಾರಿನಲ್ಲಿ ಟೀಚರು ವಿಷಯ ಹೇಳಿದರು. ನಾನು ಕೇಳಿರಲಿಲ್ಲ.

ಅವರ ಗಂಡ ಒಂದು ಕಾಲದಲ್ಲಿ ಲೀಫ್ ಲಾರಿ ಓಡಿಸುತ್ತಿದ್ದರು. ಹಟ್ಟಿಗಳಲ್ಲಿ ಕೊಯ್ದ ಚಹಾ ಸೊಪ್ಪನ್ನು ಫ್ಯಾಕ್ಟರಿಗೆ ಮುಟ್ಟಿಸುವ ಲಾರಿ. ಒಂದು ಮಧ್ಯಾಹ್ನ ಅಣ್ಣನೂ ಪಕ್ಕದಲ್ಲಿ ಕೂತು ಹೊರಟ. ತುಂತುರು ಮಳೆ. ಒಂದು ತಿರುವಿನಲ್ಲಿ ಹಸುವೊಂದು ರಸ್ತೆಯ ನಡುವೆ ನಿಂತಿತ್ತು. ಈತ ಪೂರ್ತಿ ಬ್ರೇಕ್ ತುಳಿದು ಬಲಕ್ಕೆ ತಿರುಗಿಸಿದರು. ಲಾರಿ ತಿರುಗದೆ ನೆಟ್ಟಗೆ ಹೋಗಿ, ಹಸುವಿಗೂ ತಾಗದೆ, ರಸ್ತೆ ಬಿಟ್ಟು ಕೆಳಗಿನ ತೋಟದ ಸಿಲ್ವರ್ ಓಕ್ ಮರಕ್ಕೆ ಗುದ್ದಿತು. ಅಣ್ಣ ಕೂತಿದ್ದ ಕಡೆಗೆ. ಅಣ್ಣ ಅಲ್ಲೇ ಹೋದ. ಈತನ ಕಾಲು ಮುರಿಯಿತು.

ರಸ್ತೆಯ ಮೇಲೆ ಟಯರಿನ ಕಪ್ಪು ಗೆರೆಗಳು ನೆಟ್ಟಗೆ ಮೂಡಿದ್ದವು. ಹಟ್ಟಿಯವರೆಲ್ಲ ಹೋಗಿ ನೋಡಿದರು. ನೆಟ್ಟಗಿನ ಗೆರೆ ಎಂದರೆ ನೆಟ್ಟಗೆ ಓಡಿಸಿದ್ದಾನೆ ಎಂದಾಯಿತು. ತೂಕಡಿಸುತ್ತಿದ್ದನೋ, ಕುಡಿದಿದ್ದನೋ, ಅಣ್ಣನೊಡನೆ ಮಾತಿನಲ್ಲಿ ಮೈಮರೆತಿದ್ದನೋ. ಆತ ಆಸ್ಪತ್ರೆಯಲ್ಲಿ ಮಲಗಿಕೊಂಡೇ, ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದರು: "ತಿರುಗಿಸಿದೆ. ತಿರುಗಲಿಲ್ಲ."

ಯಾರೂ ನಂಬಲಿಲ್ಲ. ದಂಡವಿಲ್ಲ, ಬಹಿಷ್ಕಾರವಿಲ್ಲ. ಕೂಡಿಸಿಕೊಂಡು ಊಟ ಹಾಕಿದರು, ಮದುವೆಗೆ ಕರೆದರು. ಅತ್ತಿಗೆ ಮಾತ್ರ ಅಂದಿನಿಂದ ಆತನೊಡನೆ ಮಾತು ಬಿಟ್ಟರು.

"ನೀವು?" ಎಂದೆ.

"ನಾನೂ ನಂಬಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳಲಿಲ್ಲ. ಅವರಿಗೆ ಗೊತ್ತಿತ್ತು." "ಆ ವರ್ಷಗಳಲ್ಲೆಲ್ಲ ಕ್ಲಾಸಿನಲ್ಲಿ ಘರ್ಷಣೆಯ ಪಾಠ ಮಾಡಿದ್ದೇನೆ" ಎಂದರು.

ಅವರಿಗೆ ತಿಳಿದದ್ದು ನಿವೃತ್ತಿಯಾದ ಮೇಲೆ, ತಾವೇ ಡ್ರೈವಿಂಗ್ ಕಲಿತಾಗ. ಒಂದು ಹಳೆಯ ಕಾರು ಕೊಂಡಿದ್ದರು. ಮಳೆಯಲ್ಲಿ, ಕೇತಿ ಕಡೆಯ ಒಂದು ತಿರುವಿನಲ್ಲಿ, ಎದುರಿಗೆ ಹೆಂಗಸರ ಗುಂಪು ಕಂಡು ಗಾಬರಿಯಾಗಿ ಬ್ರೇಕ್ ತುಳಿದರು, ಸ್ಟೀರಿಂಗ್ ತಿರುಗಿಸಿದರು. ತಿರುಗಲಿಲ್ಲ. ಹೆಂಗಸರು ಪಕ್ಕಕ್ಕೆ ಹಾರಿದರು. ಕಾರು ನೆಟ್ಟಗೆ ಹೋಗಿ ಕ್ಯಾರೆಟ್ ಹೊಲದೊಳಗೆ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಹೊಲದವರು ಓಡಿಬಂದು ಬೈದರು. ಟೀಚರು ಕೆಳಗಿಳಿಯಲಿಲ್ಲ. ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದರು. ಅದು ಇನ್ನೂ ಪೂರ್ತಿ ಬಲಕ್ಕೆ ತಿರುಗಿಯೇ ಇತ್ತು. ಏಟು ಬಿದ್ದಿದೆ ಎಂದು ತಿಳಿದು ಹೊಲದವರೇ ನೀರು ತಂದುಕೊಟ್ಟರು.

ಮನೆಗೆ ಬಂದು ಗಂಡನಿಗೆ, ಚಕ್ರ ಕಚ್ಚಿಕೊಂಡರೆ ತಿರುಗಿಸಿದರೂ ತಿರುಗುವುದಿಲ್ಲ ಎಂದು ಹೇಳಿದರು.

"ಅದನ್ನೇ ನಾನು ಹೇಳಿದ್ದು" ಎಂದರಂತೆ ಆತ. ಆಮೇಲೆ, ಕ್ಯಾರೆಟ್ ಕೀಳುವುದಕ್ಕೆ ಬಂದಿತ್ತಾ ಎಂದು ಕೇಳಿದರಂತೆ.

ಟೀಚರು ಹಳೆಯ ಕಾರನ್ನು ಮಾರಿ ಎಬಿಎಸ್ ಇರುವ ಕಾರು ಕೊಂಡದ್ದು, ಡ್ರೈವಿಂಗ್ ಶಾಲೆ ತೆರೆದದ್ದು ಆಮೇಲೆ. ಗೋಡೆಯಾಚೆಗೂ ಹೋಗಿ ಓರಗಿತ್ತಿಯ ಅಡಿಗೆಮನೆಯ ನೆಲದ ಮೇಲೆ ಚಕ್ರ ಬರೆದು ವಿವರಿಸಿದರು. ಆಕೆ ಎಲ್ಲವನ್ನೂ ಕೇಳಿ, ನೀನು ಅವನ ಹೆಂಡತಿ, ಇನ್ನೇನು ಹೇಳುತ್ತೀ ಎಂದು ನೆಲ ಒರೆಸಿಕೊಂಡರು.

ಇಷ್ಟು ಹೇಳಿ ಟೀಚರು ನನ್ನ ಕಡೆ ತಿರುಗಿದರು. "ನಿಮ್ಮ ಮನೆ ಜೀಪಿಗೆ ಎಬಿಎಸ್ ಇಲ್ಲೆ ಅಲ್ಲವಾ?"

ಇಲ್ಲ ಎಂದೆ.

"ನೀನು ನಮ್ಮ ಜನ ಅಲ್ಲ, ನಮ್ಮ ಹಟ್ಟಿ ಅಲ್ಲ. ನೀನು ಓಡಿಸಿದರೆ ಯಾರ ಕಡೆಯವಳು ಅಂತ ಯಾರೂ ಹೇಳೋಕಾಗಲ್ಲ. ಮಳೆ ಬಂದ ದಿನ ತಗೊಂಡು ಬಾ, ಗೋಡೆಯಾಚೆಯವಳ ಕಣ್ಣೆದುರೇ ಜಾರಿಸೋಣ."

ಮನೆಯಲ್ಲಿ ಹೇಳಿದೆ. ಜೀಪನ್ನು ಬೇಕೆಂದೇ ಜಾರಿಸುವುದಕ್ಕೆ ಒಯ್ಯುತ್ತೇನೆ ಎಂದರೆ ನಮ್ಮವರು ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಅವರು ಟೀಚರ ಗಂಡನ ಕಥೆಯನ್ನು ಎರಡು ಸಲ ಹೇಳಿಸಿದರು. ಆಮೇಲೆ "ಟಯರು ಸವೆದ್ರೆ ಸವೀಲಿ, ತಗೊಂಡೋಗು" ಎಂದರು. ಜೊತೆಗೆ ಬರುತ್ತೀರಾ ಎಂದರೆ ಬರಲಿಲ್ಲ. ಒಬ್ಬ ಡ್ರೈವರ್ ಅದನ್ನೆಲ್ಲ ನೋಡಬಾರದು ಎಂದರು.

ಫ್ಯಾಕ್ಟರಿಯ ಅಂಗಳದಲ್ಲಿ ಅಂದು ಹದವಾಗಿ ಮಳೆ ಬಿದ್ದಿತ್ತು. ಟೀಚರು ಖಾಲಿ ಸೊಪ್ಪಿನ ಚೀಲಗಳಿಗೆ ಹುಲ್ಲು ತುಂಬಿಸಿ ಅಂಗಳದ ನಡುವೆ ಒಟ್ಟಿಸಿದ್ದರು. ಓರಗಿತ್ತಿಯನ್ನು ಹೇಗೆ ಒಪ್ಪಿಸಿ ಕರೆತಂದರೋ ಗೊತ್ತಿಲ್ಲ. ಆಕೆ ಕಂಬಳಿ ಹೊದ್ದು, ಮದುವೆಗೆ ಬಂದವರ ಹಾಗೆ ಗಂಭೀರವಾಗಿ ನಿಂತಿದ್ದರು. ಟೀಚರ ಗಂಡ ದೂರದ ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ ಕೂತಿದ್ದರು.

ಓರಗಿತ್ತಿಯನ್ನು ಜೀಪಿನಲ್ಲಿ ನನ್ನ ಪಕ್ಕಕ್ಕೆ ಕೂರಿಸಿದರು. ಟೀಚರು ಆಕೆಯ ಬಲಗೈ ಎತ್ತಿ ಸ್ಟೀರಿಂಗಿನ ಮೇಲಿಟ್ಟು, ತೆಗೆಯಬೇಡ ಎಂದರು. ಗುರುತು ಹಾಕಿದ ಜಾಗ ಬಂದಾಗ ನಾನು ಪೂರ್ತಿ ಬ್ರೇಕ್ ತುಳಿದು, ಪೂರ್ತಿ ಬಲಕ್ಕೆ ತಿರುಗಿಸಬೇಕು. ವೇಗ ಹೆಚ್ಚಿರಲಿಲ್ಲ. ಹಾಗೆಯೇ ಮಾಡಿದೆ. ಜೀಪು ಹಾವಸೆಯ ಮೇಲೆ ಸದ್ದಿಲ್ಲದೆ ಜಾರಿ, ಮುಂದಿನ ಚಕ್ರಗಳು ಬಲಕ್ಕೆ ತಿರುಗಿದ್ದರೂ ತಾನು ನೆಟ್ಟಗೆ ಹೋಗಿ, ಚೀಲಗಳ ರಾಶಿಗೆ ನುಗ್ಗಿ ನಿಂತಿತು.

ಓರಗಿತ್ತಿ ಮುಂದೆ ನೋಡುತ್ತಾ, ನೀನು ಸರಿಯಾಗಿ ತಿರುಗಿಸಲಿಲ್ಲ ಎಂದರು.

ಟೀಚರು ಕಿಟಕಿಯ ಹತ್ತಿರ ಬಂದು, ಹಾಗಾದರೆ ನೀನೇ ತಿರುಗಿಸು, ಅವಳು ಬರೀ ಬ್ರೇಕ್ ಹಾಕಲಿ ಎಂದರು. ಚೀಲಗಳನ್ನು ಮತ್ತೆ ಒಟ್ಟಿದರು. ಎರಡನೆಯ ಸಲ ನಾನು ಬ್ರೇಕ್ ತುಳಿದು ಸ್ಟೀರಿಂಗ್ ಬಿಟ್ಟೆ. ಆಕೆ ನನ್ನ ಮೇಲೆಯೇ ಬಾಗಿ ಎರಡು ಕೈಯಿಂದಲೂ ಅದನ್ನು ಎಳೆದರು. ಸೊಪ್ಪು ಕೊಯ್ದು ಗಟ್ಟಿಯಾದ ಕೈಗಳು. ಹಲ್ಲು ಕಚ್ಚಿ, ಇನ್ನು ತಿರುಗದು ಎನ್ನುವವರೆಗೂ ಎಳೆದು ಹಿಡಿದರು. ಜೀಪು ನೆಟ್ಟಗೆ ಹೋಯಿತು. ಚೀಲವೊಂದು ಬಾನೆಟ್ಟಿನ ಮೇಲೆ ಬಂದು ಬಿತ್ತು.

ಆಕೆ ಸ್ಟೀರಿಂಗ್ ಬಿಡಲಿಲ್ಲ.

ಆಮೇಲೆ ಚೀಲಗಳನ್ನು ಇನ್ನೊಮ್ಮೆ ಒಟ್ಟಿ ಟೀಚರ ಕಾರಿನಲ್ಲಿ ಕೂತೆವು. ಅದೇ ಗುರುತು, ಅದೇ ವೇಗ. ಪೆಡಲು ಒದೆಯಿತು, ಗರಗರ ಎಂದಿತು. ನಾನು ಕಾಲು ಎತ್ತಲಿಲ್ಲ. ಆಕೆಯೇ ತಿರುಗಿಸಿದರು. ಕಾರು ತಿರುಗಿತು. ಚೀಲಗಳ ಪಕ್ಕದಿಂದ ಹಾದು, ಆಚೆ ಹೋಗಿ ನಿಂತಿತು. ಆಕೆ ಹಿಂದಿರುಗಿ ಆ ರಾಶಿಯನ್ನು ನೋಡಿದರು. ಒಂದು ಚೀಲವೂ ಅಲುಗಿರಲಿಲ್ಲ.

ಕೆಳಗಿಳಿದ ಮೇಲೆ ಆಕೆ ಟೀಚರನ್ನು ಒಂದು ಪ್ರಶ್ನೆ ಕೇಳಿದರು. "ಲಾರಿಯಲ್ಲಿ ಇದಿರಲಿಲ್ಲ. ಸರಿ. ಆದರೆ ಅವನು ಕಾಲು ಎತ್ತಿದ್ದರೆ?"

ಈ ಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಟೀಚರು ಎಣಿಸಿದ್ದರು ಎಂದು ಕಾಣುತ್ತದೆ. ಒಂದು ಸುಳ್ಳು ಹೇಳಿ ಮುಗಿಸಬಹುದಿತ್ತು.

"ಎತ್ತಿದ್ದರೆ ತಿರುಗುತ್ತಿತ್ತು" ಎಂದರು.

ಕಟ್ಟೆಯ ಮೇಲಿದ್ದ ಆತ ಈಗ ನಮ್ಮ ಕಡೆ ತಿರುಗಿದ್ದರು. "ಎತ್ತಲಿಲ್ಲ" ಎಂದರು. "ಮುಂದೆ ಹಸು ಇತ್ತು ಅತ್ತಿಗೆ. ಕಾಲು ಮೇಲೆ ಬರಲಿಲ್ಲ."

ಮಳೆ ಮತ್ತೆ ಶುರುವಾಗಿತ್ತು. ಟೀಚರು ಕೊಡೆ ಬಿಚ್ಚಲಿಲ್ಲ. ಓರಗಿತ್ತಿ ಅಂಗಳ ದಾಟಿ ಕಟ್ಟೆಯ ಹತ್ತಿರ ಹೋದರು. ಜಾರುತ್ತದೆಂದು ಒಂದೊಂದೇ ಹೆಜ್ಜೆ ಊರಿಕೊಂಡು ಹೋದರು. ಇಷ್ಟು ವರ್ಷ ಗೋಡೆಯಾಚೆ ಇದ್ದವರು ಮೊದಲ ಸಲ ನೇರವಾಗಿ ಆತನನ್ನು ಕೇಳಿದರು: "ಕೊನೆಗೆ ಅವರು ಏನಾದರೂ ಹೇಳಿದರಾ?"

ಆತ ಯೋಚಿಸಬೇಕಾಗಿರಲಿಲ್ಲ. "'ಅದು ಯಾರ ಹಸು?' ಅಂದ."

ಓರಗಿತ್ತಿ ತಲೆಯಾಡಿಸಿದರು. "ಅದನ್ನೇ ಕೇಳುವವರು" ಎಂದರು. "ಏನು ಕಂಡರೂ ಮೊದಲು ಅದು ಯಾರದು ಅಂತ ಕೇಳಬೇಕು ಅವರಿಗೆ." ಆಮೇಲೆ ಆತನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತು, ಕಂಬಳಿಯ ತುದಿಯಿಂದ ಮುಖ ಮುಚ್ಚಿಕೊಂಡರು. ಟೀಚರು ನನ್ನನ್ನು ಕರೆದು, ಬಾ, ಚೀಲ ಎತ್ತಿಡೋಣ ಎಂದರು. ನಾವಿಬ್ಬರೂ ಎತ್ತಿಟ್ಟೆವು. ಅವರು ಒಂದೇ ಚೀಲವನ್ನು ಎರಡು ಸಲ ಎತ್ತಿಟ್ಟದ್ದನ್ನು ನೋಡಿದೆ.

ಆಮೇಲೆ ಅತ್ತಿಗೆಯೂ ಮೈದುನನೂ ಮಾತಾಡಲು ಶುರುಮಾಡಿದರು. ಇಷ್ಟು ವರ್ಷ ಉಳಿದದ್ದೆಲ್ಲ ಇತ್ತಲ್ಲ, ದಿನವಿಡೀ ಅಂಗಳದಲ್ಲಿ ಕೂತು ಮಾತು. ಟೀಚರಿಗೆ ಅದರಿಂದ ಒಂದು ತೊಂದರೆಯಾಯಿತು. "ಮೊದಲು ಎರಡು ಮನೆ ಸುದ್ದಿಯೂ ಎನ್ನ ಮೂಲಕ ಹೋಗುತ್ತಿತ್ತು. ಈಗ ಎನಗೆ ಏನೂ ಗೊತ್ತಾಗಲ್ಲ ಕೂಸು" ಎಂದು ನನ್ನ ಹತ್ತಿರ ದೂರಿದರು. ಕೂಸು ಎಂದು ಅವರು ನನ್ನನ್ನು ಕರೆದದ್ದು ಅದೇ ಮೊದಲು. ನಾನು ಲೈಸೆನ್ಸ್ ಪಡೆದದ್ದೂ ಅದೇ ವಾರ. ತೋರಿಸಿದಾಗ ಅವರು ಕಿಟಕಿಯ ಹೊರಗೆ ನೋಡಿದರು.

ನಾವು ಜೀಪು ಮಾರಿ ಎಬಿಎಸ್ ಇರುವ ಒಂದು ಸಣ್ಣ ಹಳೆಯ ಕಾರು ಕೊಂಡೆವು. ನಮ್ಮವರೇ ಆರಿಸಿದರು. ಪಕ್ಕದ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ಕಾಲಿನಿಂದ ತುಳಿಯುತ್ತಾ ಬರುತ್ತಾರೆ. ಒಮ್ಮೆ ಮಸಿನಗುಡಿಯಿಂದ ತೊರಪಳ್ಳಿ ಕಡೆಗೆ ಹೋಗುವಾಗ ಜಿಂಕೆಗಳ ಹಿಂಡು ರಸ್ತೆಗೆ ನುಗ್ಗಿತು. ನಾನು ತುಳಿದೆ, ಪೆಡಲು ಒದೆಯಿತು, ತುಳಿದೇ ಇದ್ದು ಬಳಸಿಕೊಂಡು ನಿಲ್ಲಿಸಿದೆ. ಕೊನೆಯ ಜಿಂಕೆ ದಾಟಿಹೋದ ಮೇಲೆ ನಮ್ಮವರು, "ನಾನಾಗಿದ್ರೆ ಕಾಲು ಎತ್ಬುಡ್ತಿದ್ದೆ ಕಣಮ್ಮಿ" ಎಂದರು. ಸ್ಟೀರಿಂಗ್ ಬಿಟ್ಟಮೇಲೆ ಅವರು ನನಗೆ ಹೇಳಿದ ಮೊದಲ ಒಳ್ಳೆಯ ಮಾತು ಅದು. ಟೀಚರಿಗೆ ಫೋನು ಮಾಡಿ ಹೇಳಿದೆ. ಅವರು ಎಷ್ಟು ವೇಗದಲ್ಲಿದ್ದೆ ಎಂದು ಕೇಳಿದರು. ಹೇಳಿದೆ. ಕಾಡಿನ ರಸ್ತೆಯಲ್ಲಿ ಅಷ್ಟು ವೇಗ ಯಾಕೆ ಎಂದು ಇಂಗ್ಲಿಷಿನಲ್ಲಿ ಬೈದರು.

ಶ್ವಾಸಕೋಶದ ಕಾಯಿಲೆ ಅವರನ್ನು ಬಹಳ ದಿನ ಮಲಗಿಸಲಿಲ್ಲ. ಕೊನೆಯ ಸಲ ನೋಡಲು ಹೋದಾಗ ಓರಗಿತ್ತಿ ತಲೆದೆಸೆಯಲ್ಲಿ ಕೂತು ಗಂಜಿ ಕುಡಿಸುತ್ತಿದ್ದರು. ಟೀಚರು ಕಣ್ಣು ತೆರೆದು, ಮಳೆ ಉಂಟಾ ಎಂದು ಕೇಳಿದರು. ಇಲ್ಲ, ಬಿಸಿಲು ಎಂದೆ. ಹಾಗಾದರೆ ಪಾಠವಿಲ್ಲ ಎಂಬಂತೆ ಮತ್ತೆ ಕಣ್ಣು ಮುಚ್ಚಿದರು.

ಬಡಗರ ಸಾವಿನಲ್ಲಿ ಒಂದು ಕ್ರಮವಿದೆ. ಹಿರಿಯರೊಬ್ಬರು ನಿಂತು, ಸತ್ತವರು ಬದುಕಿದ್ದಾಗ ಮಾಡಿರಬಹುದಾದ ತ‌ಪ್ಪುಗಳನ್ನೆಲ್ಲ ಒಂದೊಂದಾಗಿ ಎತ್ತಿ ಹೇಳುತ್ತಾರೆ. ಮಾಡಿದ್ದಾರೋ ಇಲ್ಲವೋ ಯಾರೂ ವಿಚಾರಿಸುವುದಿಲ್ಲ. ಎಲ್ಲರಿಗೂ ಅದನ್ನೇ ಹೇಳುತ್ತಾರೆ. ನೆರೆದವರು ಹೌದೆನ್ನುತ್ತಾರೆ, ಅವೆಲ್ಲ ಕಳೆದುಹೋದವು ಎಂದು ಹಗುರವಾಗಿ ಕಳಿಸಿಕೊಡುತ್ತಾರೆ. ಟೀಚರಿಗೂ ಹೇಳಿದರು. ನೆರೆಯವರ ಗಡಿ ಒತ್ತಿದ್ದು, ಬಾಯಾರಿ ಬಂದವರಿಗೆ ನೀರು ಕೊಡದ್ದು, ಮೂಕಪ್ರಾಣಿಗೆ ಹೊಡೆದದ್ದು. ಅದರಲ್ಲಿ ಒಂದನ್ನೂ ಅವರು ಮಾಡಿದವರಲ್ಲ. ಅವರ ಗಂಡ ಕೋಲೂರಿ ನಿಂತು ಎಲ್ಲವನ್ನೂ ಕಿವಿಗೊಟ್ಟು ಕೇಳಿದರು. ಪಕ್ಕದಲ್ಲಿ ಓರಗಿತ್ತಿ, ಅವರ ಹಿಂದೆ ನಾನು.

ಹಿರಿಯರು ಮುಗಿಸಿದಾಗ ಆತ ತಗ್ಗಿದ ಧ್ವನಿಯಲ್ಲಿ, "ಎನ್ನ ಮಾತು ನಂಬಲಿಲ್ಲವಲ್ಲ, ಅದನ್ನ ಹೇಳಲೇ ಇಲ್ಲ" ಎಂದರು. ದೂರು ಹೇಳುವ ಧ್ವನಿಯಲ್ಲ. ಒಂದು ಬಿಟ್ಟುಹೋದರೆ ಅಲ್ಲಿ ಅವಳಿಗೆ ಕಷ್ಟವಾದೀತೇನೋ ಎಂಬ ಆತಂಕ.

ಓರಗಿತ್ತಿ ಸೆರಗಿನಿಂದ ಮೂಗು ಒರೆಸಿಕೊಂಡರು. "ಅದು ಅವಳೊಬ್ಬಳದಲ್ಲ" ಎಂದರು. "ನಾನು ಸತ್ತಾಗ ಹೇಳಿಸು. ಇಬ್ಬರದೂ ಒಟ್ಟಿಗೆ ಹೋಗಲಿ."

ಆತ ಆಗಲಿ ಎಂದರು.